ಶೆಟ್ಟಿಹಳ್ಳಿ ಚರ್ಚು

ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ, ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಪಾಳುಬಿದ್ದು ನಿಂತಿರುವ ಕ್ಯಾಥೊಲಿಕ್ ದೇವಾಲಯ. ಹಾಸನ ಪಟ್ಟಣದಿಂದ ಸುಮಾರು 20 ಕಿ.ಮೀ. ದೂರದಲ್ಲಿದೆ. ಜಪಮಾಲೆ ಮಾತೆಗೆ ಅರ್ಪಿತವಾದ್ದರಿಂದ ಇದಕ್ಕೆ ರೋಸರಿ ಚರ್ಚು ಎಂದೂ ಹೆಸರಿದೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಗಾಥಿಕ್ ಶೈಲಿಯಲ್ಲಿ ಕಟ್ಟಿಸಿದ ಈ ಕಟ್ಟಡ ಮಳೆಗಾಲದಲ್ಲಿ ನಡುಗಡ್ಡೆಯಂತೆ ನೀರಿನ ನಡುವೆ ನಿಲ್ಲುತ್ತದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಅದರ ಬುಡದವರೆಗೂ ನಡೆದುಹೋಗಬಹುದು. ‘ಮುಳುಗುವ ಚರ್ಚು’, ‘ತೇಲುವ ಚರ್ಚು’ ಎಂಬ ರೂಢಿಯ ಹೆಸರುಗಳು ಬಂದದ್ದು ಹೀಗೆ.

ಹಿನ್ನೆಲೆ

ಮೈಸೂರು ಸೀಮೆಯಲ್ಲಿ ಕ್ಯಾಥೊಲಿಕ್ ಮಿಷನ್ನಿನ ಕೆಲಸ 17ನೆಯ ಶತಮಾನದ ನಡುವಿನಲ್ಲಿ, ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದಾಗ ಮೊದಲಾಯಿತು. 1773ರಲ್ಲಿ ಪೋಪರು ಜೆಸ್ವಿಟ್ ಸಂಘವನ್ನು ವಿಸರ್ಜಿಸಿದ ಮೇಲೆ ಈ ಹೊಣೆ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಘದ ಪಾಲಿಗೆ ಬಂತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಆ ಸಂಘದ ಪಾದ್ರಿ ಅಬ್ಬೆ ದುಬೊಯ್ ಮೈಸೂರು ಸೀಮೆಗೆ ಬಂದು, ಚದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಒಟ್ಟುಗೂಡಿಸಿದರು. ಹಾಸನದ ಬಳಿಯ ಸಾತಹಳ್ಳಿಯಲ್ಲಿ ಅವರಿಗಾಗಿ ಬೇಸಾಯದ ನೆಲೆಯೊಂದನ್ನು ಕಟ್ಟಿದರು. ಸಿಡುಬಿಗೆ ಲಸಿಕೆ ಹಾಕಿಸಲು ಊರೂರು ತಿರುಗಿದರು. ಕಾವಿಯಂಥ ಉಡುಪು ತೊಟ್ಟು ಈ ನಾಡಿನ ರೀತಿನೀತಿಗಳನ್ನೇ ಅನುಸರಿಸುತ್ತಿದ್ದ ಅವರನ್ನು ಜನ ದೊಡ್ಡಸ್ವಾಮಿಯವರು ಎಂದು ಕರೆಯುತ್ತಿದ್ದರು.

ಶೆಟ್ಟಿಹಳ್ಳಿಯ ಚರ್ಚನ್ನು ಕಟ್ಟಿಸಿದವರೂ ಇದೇ ದುಬೊಯ್ ಎಂಬ ಮಾತು ಪ್ರಚಾರದಲ್ಲಿದೆ. ಆದರೆ ಅವರು 1823ರಲ್ಲೇ ಫ್ರಾನ್ಸಿಗೆ ಮರಳಿ 1848ರಲ್ಲಿ ಅಲ್ಲಿಯೇ ತೀರಿಕೊಂಡರು. ಈಗ ಕಾಣುವ ಕಟ್ಟಡ ಅವರ ನಂತರದ ತಲೆಮಾರಿನದು. 1850ರಿಂದ 1873ರವರೆಗೆ ಮೈಸೂರು ಮಿಷನ್ನಿನ ಮುಖ್ಯಸ್ಥರಾಗಿದ್ದವರು ಬಿಷಪ್ ಶಾರ್ಬೊನೊ. 1855ರಲ್ಲಿ ಕನ್ನಡ–ಲ್ಯಾಟಿನ್ ನಿಘಂಟು, 1861ರಲ್ಲಿ ಲ್ಯಾಟಿನ್–ಕನ್ನಡ ನಿಘಂಟು ಬೆಂಗಳೂರಿನಲ್ಲಿ ಅಚ್ಚಾದದ್ದು ಈ ಅವಧಿಯಲ್ಲಿಯೇ. ಶೆಟ್ಟಿಹಳ್ಳಿಯಲ್ಲಿ ಗೋಡೆ ಎದ್ದದ್ದೂ, ಅದೇ ಮಿಷನ್ನಿನವರು ಕನ್ನಡ ಪದಗಳನ್ನು ಕೂಡಿಹಾಕಿದ್ದೂ ಒಂದೇ ಕಾಲದ ಕೆಲಸಗಳು.

ಕಟ್ಟಡ

ಚರ್ಚು ಉದ್ದನೆಯ ಸಭಾಂಗಣ, ಅದರ ಕೊನೆಯಲ್ಲಿ ಬಲಿಪೀಠದ ಭಾಗ, ಚೂಪು ತುದಿಯ ಕಮಾನುಗಳು, ಎತ್ತರದ ಕಿಟಕಿಗಳು, ಗೋಡೆಗೆ ಒತ್ತುಕೊಡುವ ಆಸರೆಗಂಬಗಳನ್ನು ಒಳಗೊಂಡಿತ್ತು. ಶೈಲಿ ಯೂರೋಪಿನದಾದರೂ ಸಾಮಗ್ರಿ ಇಲ್ಲಿನದೇ: ಇಟ್ಟಿಗೆ ಮತ್ತು ಸುಣ್ಣದ ಗಾರೆ. ಗಾರೆಗೆ ಬೆಲ್ಲವನ್ನೂ ಮೊಟ್ಟೆಯನ್ನೂ ಬೆರೆಸಿದ್ದರೆಂದು ಸುತ್ತಲಿನ ಜನ ಹೇಳುತ್ತಾರೆ. ಚಾವಣಿಯ ಬಹುಭಾಗ ಇಲ್ಲವಾಗಿದೆ, ಕಿಟಕಿಗಳ ಗಾಜು ಹೋಗಿದೆ. ಉಳಿದಿರುವುದು ಗೋಡೆ ಮತ್ತು ಕಮಾನುಗಳ ಎಲುಬುಗೂಡು ಮಾತ್ರ.

ಮುಳುಗಡೆ

ಹೇಮಾವತಿ ನದಿ ಚಿಕ್ಕಮಗಳೂರು ಜಿಲ್ಲೆಯ ಬಲ್ಲಾಳರಾಯನ ದುರ್ಗದ ಬಳಿ ಹುಟ್ಟಿ, ಸಕಲೇಶಪುರ, ಗೊರೂರು, ಹೊಳೆನರಸೀಪುರಗಳ ಮೂಲಕ ಹರಿದು ಕೃಷ್ಣರಾಜಸಾಗರದ ಬಳಿ ಕಾವೇರಿಯನ್ನು ಸೇರುತ್ತದೆ. ಗೊರೂರಿನಲ್ಲಿ ಇದಕ್ಕೆ ಅಡ್ಡಲಾಗಿ ಅಣೆಕಟ್ಟು ಕಟ್ಟುವ ಕೆಲಸ 1960ರ ದಶಕದಲ್ಲಿ ಮೊದಲಾಗಿ 1979ರಲ್ಲಿ ಮುಗಿಯಿತು. ಜಲಾಶಯದ ಸಂಗ್ರಹ ಸಾಮರ್ಥ್ಯ ಸುಮಾರು 37 ಟಿಎಂಸಿ ಅಡಿ. ಅದರ ಹಿನ್ನೀರಿಗೆ ನದೀತೀರದ ಹಲವು ಹಳ್ಳಿಗಳು ಮುಳುಗಿದವು. ಶೆಟ್ಟಿಹಳ್ಳಿಯವರೂ ಹೊಲಮನೆ ಬಿಟ್ಟು ಬೇರೆಡೆ ನೆಲೆಸಬೇಕಾಯಿತು. ಪೂಜೆ ನಿಂತುಹೋದ ಚರ್ಚು ಅಲ್ಲೇ ಉಳಿಯಿತು.

ಈ ನೀರು ಅರಕಲಗೂಡು, ಹೊಳೆನರಸೀಪುರ ಕಡೆಗೆ ಬಲದಂಡೆಯ ನಾಲೆಗಳಲ್ಲಿ ಹರಿಯಿತು. ಶ್ರವಣಬೆಳಗೊಳವನ್ನು ಒಳಗೊಂಡ ಚನ್ನರಾಯಪಟ್ಟಣ ತಾಲೂಕಿಗೆ ಎಡದಂಡೆ ನಾಲೆ ಬಂತು. ಅದೇ ನಾಲೆ ಬಾಗೂರು–ನವಿಲೆ ಸುರಂಗವನ್ನು ಹಾದು ತುಮಕೂರು ಜಿಲ್ಲೆಗೂ ಹೋಯಿತು. ಒಣಭೂಮಿಯ ಕೆರೆಗಳೂ ಗದ್ದೆಗಳೂ ತುಂಬಿದ್ದು ಶೆಟ್ಟಿಹಳ್ಳಿಯಂಥ ಊರುಗಳು ಬಿಟ್ಟುಕೊಟ್ಟ ನೆಲದಿಂದ ಎಂಬುದನ್ನು ಮರೆಯುವಂತಿಲ್ಲ. ಗೊರೂರಿನವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರ್ (1904–1991) ಈ ಹೊಳೆದಂಡೆಯ ಹಳ್ಳಿಬದುಕನ್ನು ಕನ್ನಡಿಗರೆಲ್ಲರಿಗೂ ಪರಿಚಯಿಸಿದರು. ಹೇಮಾವತಿಯ ಹೆಸರನ್ನೇ ಹೊತ್ತ ಕಾದಂಬರಿಯನ್ನೂ ಬರೆದರು. ಅಣೆಕಟ್ಟಿಗೆ ಮುಂಚಿನ ನದಿಯನ್ನು ತಿಳಿಯಬಯಸುವವರಿಗೆ ಅವರ ಬರಹಗಳೇ ದಾರಿ.

ಜನಮನದಲ್ಲಿ

ನೀರಿನ ನಡುವೆ ಒಂಟಿಯಾಗಿ ನಿಂತ ಈ ಕಟ್ಟಡ ದೂರದಿಂದ ನೋಡುವವರಿಗೆ ಸಮುದ್ರದ ನಡುಗಡ್ಡೆಯ ದೀಪಸ್ತಂಭದಂತೆ ಕಾಣುತ್ತದೆ. ಹೀಗಾಗಿ ಛಾಯಾಗ್ರಾಹಕರಿಗೂ, ಮದುವೆಗೆ ಮುಂಚೆ ಫೋಟೋ ತೆಗೆಸಿಕೊಳ್ಳುವ ಜೋಡಿಗಳಿಗೂ ಇದು ಅಚ್ಚುಮೆಚ್ಚು. ಶ್ರವಣಬೆಳಗೊಳ, ಬೇಲೂರು, ಹಳೇಬೀಡುಗಳನ್ನು ನೋಡಲು ಬಂದವರಲ್ಲಿ ಅನೇಕರು ಇಲ್ಲಿಗೂ ಬಂದುಹೋಗುತ್ತಾರೆ. ಪಾಳುಗೋಡೆಗಳ ಸುತ್ತ ಪ್ರೇಮಕಥೆ ಹೆಣೆಯುವುದು ಸುಲಭ. ಆದರೆ ಇಲ್ಲಿ ನಡೆದ ನಿಜವಾದ ಪ್ರೀತಿಯ ಕಥೆ ಒಂದು ಊರಿನದು. ಮಕ್ಕಳಿಗೆ ಹೆಸರಿಟ್ಟು, ಮದುವೆ ಮಾಡಿ, ಸತ್ತವರಿಗಾಗಿ ಪ್ರಾರ್ಥಿಸಿದ ಗುಡಿಯನ್ನು ರೈತ ಕುಟುಂಬಗಳು ನೀರಿಗೆ ಬಿಟ್ಟು ನಡೆದವು. ಜಪಮಾಲೆ ಮಾತೆಯ ಹಬ್ಬ ಬರುವುದು ಅಕ್ಟೋಬರ್ 7ರಂದು. ಮಳೆ ಚೆನ್ನಾಗಿ ಆದ ವರ್ಷಗಳಲ್ಲಿ ಅದು ಹಿನ್ನೀರು ಚರ್ಚನ್ನು ಸುತ್ತುವರಿದಿರುವ ಕಾಲ.

ಸಂರಕ್ಷಣೆ

ಇಟ್ಟಿಗೆಗೋಡೆಗೆ ನೀರಿಗಿಂತ ಹೆಚ್ಚು ಕೇಡು ಮಾಡುವುದು ನೀರಿನ ಏರಿಳಿತ. ಪ್ರತಿವರ್ಷ ನೆನೆದು ಒಣಗುವಾಗ ಗಾರೆಯ ಸುಣ್ಣ ಕರಗಿ ಸಡಿಲವಾಗುತ್ತದೆ. ಅಲೆಯ ಹೊಡೆತ ಬುಡವನ್ನು ಕೊರೆಯುತ್ತದೆ. ಬಿರುಕಿನಲ್ಲಿ ಬೇರೂರಿದ ಗಿಡ ಕಮಾನನ್ನು ಸೀಳುತ್ತದೆ. ಈಚಿನ ವರ್ಷಗಳಲ್ಲಿ ಕಟ್ಟಡದ ಕೆಲವು ಭಾಗಗಳು ಕುಸಿದಿವೆ. ಗೋಡೆ ಹತ್ತುವುದು, ಸಡಿಲ ಕಮಾನಿನ ಕೆಳಗೆ ನಿಲ್ಲುವುದು ಅಪಾಯಕರ.

ಕೃಷ್ಣರಾಜಸಾಗರದಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು ಕಲ್ಲು ಕಲ್ಲು ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಲಾಯಿತು. ಗಾರೆಯಿಂದ ಬೆಸೆದ ಇಟ್ಟಿಗೆಯ ಕಟ್ಟಡವನ್ನು ಹಾಗೆ ಸಾಗಿಸುವುದು ಕಷ್ಟ, ಅದನ್ನು ಇದ್ದಲ್ಲೇ ಉಳಿಸಬೇಕು. ಇದಕ್ಕೂ ಮೇಲ್ಪಂಕ್ತಿ ಇದೆ. ರಷ್ಯಾದ ಕಲ್ಯಾಜಿನ್ ಊರಿನ ಚರ್ಚಿನ ಗಂಟೆಗೋಪುರದ ಬುಡ 1939–40ರ ಸುಮಾರಿಗೆ ಉಗ್ಲಿಚ್ ಜಲಾಶಯದಲ್ಲಿ ಮುಳುಗಿತು. 1980ರ ದಶಕದಲ್ಲಿ ಅದರ ಸುತ್ತ ಮಣ್ಣು ತುಂಬಿ ನಡುಗಡ್ಡೆ ನಿರ್ಮಿಸಿ ಬುಡವನ್ನು ಭದ್ರಪಡಿಸಿದರು. 74 ಮೀಟರಿಗೂ ಎತ್ತರದ ಆ ಗೋಪುರ ಇಂದಿಗೂ ನಿಂತಿದೆ.

ಹಾಸನ ಜಿಲ್ಲೆಯ ಕ್ಯಾಥೊಲಿಕರು ಈಗ 1963ರಲ್ಲಿ ಸ್ಥಾಪನೆಯಾದ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದಾರೆ. ಶೆಟ್ಟಿಹಳ್ಳಿ ಬಿಟ್ಟುಬಂದ ಹಿರಿಯರ ನೆನಪುಗಳನ್ನು ಬರೆದಿಡುವ ಕೆಲಸವೂ, ನಿಂತಿರುವ ಗೋಡೆಗಳಿಗೆ ಆಸರೆ ಕೊಡುವ ಕೆಲಸವೂ ಜೊತೆಯಾಗಿ ನಡೆಯಬೇಕು. ಎರಡಕ್ಕೂ ಉಳಿದಿರುವ ಕಾಲ ಹೆಚ್ಚಿಲ್ಲ.