ಕಂದಕ ಯುದ್ಧ

ಕ್ರಿ.ಶ. 627ರಲ್ಲಿ (ಹಿಜರಿ 5) ಮದೀನಾ ನಗರದ ಮೇಲೆ ಮಕ್ಕಾದ ಕುರೈಷರು ಮತ್ತು ಅವರ ಮಿತ್ರ ಬುಡಕಟ್ಟುಗಳು ಹೂಡಿದ ಮುತ್ತಿಗೆ. ಅರಬ್ಬಿಯಲ್ಲಿ ಖಂದಕ್ ಅಥವಾ ಅಹ್ಜಾಬ್ ಯುದ್ಧ ಎನ್ನುತ್ತಾರೆ. ಕುರ್‌ಆನಿನ 33ನೆಯ ಅಧ್ಯಾಯಕ್ಕೆ ಅಹ್ಜಾಬ್ ಎಂಬುದೇ ಹೆಸರು.

ಅಬೂ ಸುಫ್ಯಾನನ ನೇತೃತ್ವದ ಪಡೆಯಲ್ಲಿ ಗತಫಾನ್ ಬುಡಕಟ್ಟಿನವರೂ ಸೇರಿ ಸುಮಾರು 10,000 ಮಂದಿ ಇದ್ದರೆಂದೂ ಪ್ರವಾದಿ ಮುಹಮ್ಮದರ ಕಡೆ ಸುಮಾರು 3,000 ಮಂದಿ ಇದ್ದರೆಂದೂ ಸಾಂಪ್ರದಾಯಿಕ ಚರಿತ್ರೆಗಳು ಹೇಳುತ್ತವೆ. ಮದೀನಾದ ಉಳಿದ ದಿಕ್ಕುಗಳಿಗೆ ಲಾವಾ ಶಿಲೆಯ ಬಯಲು, ದಟ್ಟ ಖರ್ಜೂರದ ತೋಟಗಳ ರಕ್ಷಣೆಯಿತ್ತು. ಉತ್ತರ ಭಾಗ ಮಾತ್ರ ತೆರೆದಿತ್ತು. ಪರ್ಷಿಯಾ ಮೂಲದ ಸಲ್ಮಾನ್ ಫಾರ್ಸಿಯ ಸಲಹೆಯಂತೆ ಅಲ್ಲಿ ಕಂದಕ ತೋಡಲಾಯಿತು. ಪ್ರವಾದಿಯವರೂ ಮಣ್ಣು ಹೊತ್ತರೆಂದು ಪ್ರತೀತಿ. ಅರಬರಿಗೆ ಹೊಸದಾಗಿದ್ದ ಈ ತಂತ್ರ ಕುರೈಷರ ಅಶ್ವದಳವನ್ನು ನಿಷ್ಪ್ರಯೋಜಕಗೊಳಿಸಿತು. ಕಂದಕದ ಕಿರಿದಾದ ಭಾಗದಲ್ಲಿ ಕುದುರೆ ಹಾರಿಸಿ ದಾಟಿದ ಅಮ್ರ್ ಇಬ್ನ್ ಅಬ್ದ್ ವುದ್ ದ್ವಂದ್ವಯುದ್ಧದಲ್ಲಿ ಪ್ರವಾದಿಯವರ ಅಳಿಯ ಅಲಿಯ ಕೈಯಲ್ಲಿ ಹತನಾದ.

ಮೇವಿನ ಕೊರತೆ, ಮಿತ್ರರಲ್ಲಿನ ಅಪನಂಬಿಕೆ, ಡೇರೆಗಳನ್ನು ಕಿತ್ತೆಸೆದ ಚಳಿಗಾಳಿಯಿಂದ ಕಂಗೆಟ್ಟ ಮುತ್ತಿಗೆದಾರರು ಕೆಲವು ವಾರಗಳಲ್ಲಿ ಹಿಂದೆಗೆದರು. ಮುಸ್ಲಿಮರೊಂದಿಗಿನ ಒಪ್ಪಂದ ಮುರಿದ ಆರೋಪದ ಮೇಲೆ ಮದೀನಾದ ಬನೂ ಕುರೈಜಾ ಯಹೂದಿ ಬುಡಕಟ್ಟಿನ ಗಂಡಸರನ್ನು ಬಳಿಕ ವಧಿಸಲಾಯಿತು. ಮದೀನಾದ ಮೇಲೆ ಕುರೈಷರು ಮತ್ತೆ ದಂಡೆತ್ತಿ ಬರಲಿಲ್ಲ. 628ರಲ್ಲಿ ಎರಡೂ ಕಡೆಯವರ ನಡುವೆ ಹುದೈಬಿಯಾ ಒಪ್ಪಂದವಾಯಿತು.