ದೇವರ ತಾಳ್ಮೆ, ಮನುಷ್ಯನ ಕಾಯುವಿಕೆ: ಉತ್ತರ ಆಫ್ರಿಕದ ಆದಿಕಾಲದ ಕ್ರೈಸ್ತ ಬರಹಗಳಲ್ಲಿ ಒಂದು ಪರಿಕಲ್ಪನೆಯ ಬೆಳವಣಿಗೆ

ಕ್ರೈಸ್ತ ಜೀವನದಲ್ಲಿ ತಾಳ್ಮೆಯೆಂದರೆ ದೇವರು ಗೊತ್ತುಮಾಡಿದ ಕಾಲವನ್ನು ನೆಚ್ಚಿ ಭಕ್ತನು ಕಾದಿರುವುದು ಎಂಬ ತಿಳಿವಳಿಕೆ ಇಂದು ಸಾಮಾನ್ಯವಾಗಿದೆ. ಆದರೆ ಕ್ರಿ.ಶ. 3ನೆಯ ಶತಮಾನದ ಆರಂಭದಿಂದ 5ನೆಯ ಶತಮಾನದ ಆರಂಭದವರೆಗೆ ರೋಮನ್ ಆಡಳಿತದ ಉತ್ತರ ಆಫ್ರಿಕದಲ್ಲಿ ಈ ವಿಷಯವನ್ನೇ ಕುರಿತು ರಚಿತವಾದ ತೆರ್ತುಲಿಯನ್, ಸಿಪ್ರಿಯನ್ ಮತ್ತು ಅಗಸ್ಟೀನರ ಮೂರು ಲ್ಯಾಟಿನ್ ಕೃತಿಗಳನ್ನು ಒಟ್ಟಿಗಿಟ್ಟು ನೋಡಿದರೆ, ತಾಳ್ಮೆಯು ಅಲ್ಲಿ ಮೊದಲು ದೇವರ ಗುಣವಾಗಿಯೂ ಆ ಬಳಿಕವೇ ಮನುಷ್ಯನ ಕರ್ತವ್ಯವಾಗಿಯೂ ನಿರೂಪಿತವಾಗಿರುವುದು ಕಂಡುಬರುತ್ತದೆ.

ಈ ಚಿಂತನೆಯ ಬೇರುಗಳು ಹೊಸ ಒಡಂಬಡಿಕೆಯ ಗ್ರೀಕ್ ಪದಗಳಲ್ಲಿವೆ. 'ಹುಪೊಮೊನೆ' ಎಂದರೆ ಹೊರೆಯ ಅಡಿಯಲ್ಲಿ ಕದಲದೆ ನಿಲ್ಲುವುದು. 'ಮಕ್ರೊಥುಮಿಯ' ಎಂದರೆ ಕೋಪವನ್ನು ದೀರ್ಘಕಾಲ ತಡೆದುಕೊಳ್ಳುವುದು. ಕನ್ನಡ ಬೈಬಲು ಮೊದಲನೆಯದಕ್ಕೆ 'ತಾಳ್ಮೆ', ಎರಡನೆಯದಕ್ಕೆ 'ದೀರ್ಘಶಾಂತಿ' ಎಂಬ ಪದಗಳನ್ನು ಹೆಚ್ಚಾಗಿ ಬಳಸುತ್ತದೆ. ಪೇತ್ರನ ಎರಡನೆಯ ಪತ್ರಿಕೆಯು, ಕ್ರಿಸ್ತನ ಪುನರಾಗಮನ ತಡವಾಯಿತೆಂದು ಆಡಿಕೊಳ್ಳುವವರಿಗೆ ಉತ್ತರ ಕೊಡುತ್ತ, ಆ ವಿಳಂಬವು ಮನುಷ್ಯರು ಪಶ್ಚಾತ್ತಾಪಪಡಲೆಂದು ದೇವರು ಕೊಟ್ಟ ಅವಕಾಶವೆಂದು ವಿವರಿಸುತ್ತದೆ. ಯಾಕೋಬನ ಪತ್ರಿಕೆಯು ಇದೇ ಮಾತನ್ನು ಮನುಷ್ಯನ ಕಡೆಯಿಂದ ಹೇಳುತ್ತ ಮಳೆಗಾಗಿ ಕಾಯುವ ರೈತನನ್ನು ಮಾದರಿಯಾಗಿಡುತ್ತದೆ. ಕನ್ನಡ ಅನುವಾದದಲ್ಲಿ ಮುಂಗಾರು, ಹಿಂಗಾರು ಎಂದು ಬಂದಿರುವ ಈ ಮಳೆಗಳ ತಿಂಗಳುಗಳು ಪ್ಯಾಲೆಸ್ತೀನಿನಲ್ಲಿ ಬೇರೆ: ಅಲ್ಲಿ ಮೊದಲ ಮಳೆ ಅಕ್ಟೋಬರ್–ನವೆಂಬರ್ ಸುಮಾರಿಗೆ ಬಿದ್ದು, ಬೇಸಗೆಯಲ್ಲಿ ಗಟ್ಟಿಯಾದ ನೆಲವನ್ನು ಉಳುಮೆಗೆ ಹದಗೊಳಿಸುತ್ತದೆ; ಕೊನೆಯ ಮಳೆ ಮಾರ್ಚ್–ಏಪ್ರಿಲ್ ಹೊತ್ತಿಗೆ ಬಂದು ಕಾಳು ಕಟ್ಟಲು ನೆರವಾಗುತ್ತದೆ. ಎರಡು ಮಳೆಗಳ ನಡುವೆ ರೈತನು ಕೈಕಟ್ಟಿ ಕೂರುವುದಿಲ್ಲವಾದರೂ ಮಳೆಯನ್ನು ತರುವುದು ಅವನ ಕೈಯಲ್ಲಿಲ್ಲ ಎಂಬುದೇ ಈ ಹೋಲಿಕೆಯ ತಿರುಳು.

ಲ್ಯಾಟಿನ್ನಿನಲ್ಲಿ ಈ ಅರ್ಥಗಳನ್ನು ಬಹುಮಟ್ಟಿಗೆ ಹೊತ್ತ ಪದ 'ಪಾತಿಯೆಂತಿಯ'. ಅನುಭವಿಸು, ನೋವುಣ್ಣು ಎಂಬರ್ಥದ ಧಾತುವಿನಿಂದ ಬಂದ ಈ ಪದವು, ಅದೇ ಧಾತುವಿನಿಂದ ಹುಟ್ಟಿದ, ಕ್ರಿಸ್ತನ ಯಾತನೆಯನ್ನು ಸೂಚಿಸುವ 'ಪಾಸಿಯೊ' ಎಂಬ ಪದಕ್ಕೆ ಹತ್ತಿರದ ನಂಟುಳ್ಳದ್ದು. ಕಾರ್ಥೇಜಿನ ತೆರ್ತುಲಿಯನ್ ಸುಮಾರು ಕ್ರಿ.ಶ. 200ರ ಹೊತ್ತಿಗೆ ಬರೆದ 'ದೆ ಪಾತಿಯೆಂತಿಯ' ಎಂಬ ಕಿರುಗ್ರಂಥವು ತನ್ನಲ್ಲಿ ಆ ಗುಣವೇ ಇಲ್ಲವೆಂಬ ಲೇಖಕನ ಒಪ್ಪಿಗೆಯೊಂದಿಗೆ ಆರಂಭವಾಗುತ್ತದೆ. ರೋಗಿಗೆ ಆರೋಗ್ಯದ ಮಾತೇ ಹಿತವಾಗುವಂತೆ ತನಗೆ ಈ ವಿಷಯವೆಂದು ಅವನು ಹೇಳಿಕೊಳ್ಳುತ್ತಾನೆ. ಒಳ್ಳೆಯವರು, ಕೆಟ್ಟವರು ಎನ್ನದೆ ಬೆಳಕನ್ನು ಹರಡುವ ದೇವರಲ್ಲಿ ತಾಳ್ಮೆಯ ಮೂಲವನ್ನು ಗುರುತಿಸುವ ಅವನು, ದೇವರ ರೂಪದಲ್ಲಿ ಸೃಷ್ಟಿಯಾದ ಮನುಷ್ಯನಿಗೆ ಜಗತ್ತು ಅಧೀನವಾದುದನ್ನು ಸಹಿಸದ ಸೈತಾನನಲ್ಲಿ ಅಸಹನೆಯ ಹುಟ್ಟನ್ನು ಕಾಣುತ್ತಾನೆ. ಹಳೆಯ ಒಡಂಬಡಿಕೆಯ ಯೋಬನ ಚಿತ್ರಣದಲ್ಲಿ ತೆರ್ತುಲಿಯನನ ಲೇಖನಿ ಇನ್ನೂ ಹರಿತವಾಗುತ್ತದೆ: ಹುಣ್ಣಿನಿಂದ ಹೊರಬೀಳುವ ಹುಳುಗಳನ್ನು ಯೋಬನು ತಮಾಷೆಯಿಂದೆಂಬಂತೆ ಮತ್ತೆ ಅದೇ ಗಾಯಕ್ಕೆ ಮರಳಿಸುತ್ತಾನೆ. ಆದರೆ ದೇವರ ಕಾಲದ ವಿಚಾರದಲ್ಲಿ ತೆರ್ತುಲಿಯನನ ನಿಲುವು ಒಂದೇ ತೆರನಾಗಿಲ್ಲ. ರೋಮನ್ ಅಧಿಕಾರಿಗಳನ್ನು ಉದ್ದೇಶಿಸಿದ 'ಅಪೊಲೊಗೆತಿಕುಮ್' ಕೃತಿಯಲ್ಲಿ ಕ್ರೈಸ್ತರು ಲೋಕಾಂತ್ಯವು ಮುಂದೆ ಹೋಗಲೆಂದು ಪ್ರಾರ್ಥಿಸುತ್ತಾರೆಂದು ಹೇಳಿದವನೇ, ವಿಶ್ವಾಸಿಗಳಿಗಾಗಿ ಬರೆದ ಪ್ರಾರ್ಥನೆಯ ಕುರಿತ ಗ್ರಂಥದಲ್ಲಿ ದೇವರ ರಾಜ್ಯ ಬೇಗ ಬರಲೆಂಬ ಬಯಕೆಯನ್ನು ಎತ್ತಿಹಿಡಿಯುತ್ತಾನೆ. ಕಾಯುವುದಕ್ಕೂ ಹಾತೊರೆಯುವುದಕ್ಕೂ ನಡುವಿನ ಈ ಎಳೆದಾಟವು ಆ ತಲೆಮಾರಿನಲ್ಲಿ ಬಗೆಹರಿದಿರಲಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಕಾರ್ಥೇಜಿನ ಬಿಷಪ್ ಸಿಪ್ರಿಯನನ ಕಾಲದಲ್ಲಿ ಕಾಯುವಿಕೆಯ ಅದೇ ಪ್ರಶ್ನೆ ಸಭೆಯ ಆಡಳಿತದ ಪ್ರಶ್ನೆಯಾಯಿತು. ಚಕ್ರವರ್ತಿ ದೇಕಿಯಸನ ಆಜ್ಞೆಯಂತೆ ರೋಮನ್ ದೇವತೆಗಳಿಗೆ ಬಲಿ ಅರ್ಪಿಸಿದವರು, ಅರ್ಪಿಸಿದುದಾಗಿ ಪ್ರಮಾಣಪತ್ರ ಪಡೆದವರು, ಸೆರೆಮನೆಯಲ್ಲಿ ವಿಶ್ವಾಸವನ್ನು ಕಾಪಾಡಿಕೊಂಡವರ ಶಿಫಾರಸು ಪತ್ರಗಳನ್ನು ಹಿಡಿದು ಕೂಡಲೇ ಸಭೆಗೆ ಮರಳಬಯಸಿದಾಗ, ಕ್ರೈಸ್ತರ ಮೇಲಿನ ಹಿಂಸೆ ಮುಗಿದು ಬಿಷಪರು ಒಟ್ಟುಗೂಡುವವರೆಗೆ ಕಾಯಬೇಕೆಂದು ಅವನು ಪಟ್ಟುಹಿಡಿದನು. 251ರ ಕಾರ್ಥೇಜ್ ಸಮಾವೇಶವು ಪ್ರತಿಯೊಬ್ಬರ ತಪ್ಪಿನ ಸ್ವರೂಪವನ್ನು ನೋಡಿ ಪ್ರಾಯಶ್ಚಿತ್ತವನ್ನು ನಿಗದಿಪಡಿಸಿತು. ಒಂದೆರಡು ವರ್ಷಗಳಲ್ಲಿ ಮತ್ತೊಂದು ಹಿಂಸೆಯ ಸೂಚನೆ ಕಂಡಾಗ ಅದೇ ಬಿಷಪರು ಕಾಯುವ ಅವಧಿಯನ್ನು ಮೊಟಕುಗೊಳಿಸಿದರು. ದೇವರ ಕಾಲಕ್ಕೆ ತಲೆಬಾಗುವುದೆಂದರೆ ಸಂದರ್ಭವನ್ನು ಅಳೆಯುವ ಹೊಣೆಯನ್ನು ಬಿಟ್ಟುಕೊಡುವುದಲ್ಲವೆಂಬುದು ಈ ಎರಡು ತೀರ್ಮಾನಗಳಿಂದ ಸ್ಪಷ್ಟವಾಗುತ್ತದೆ. ಸಭೆಯಿಂದ ಹೊರಗಿನವರು ಕೊಟ್ಟ ದೀಕ್ಷಾಸ್ನಾನವು ಊರ್ಜಿತವೇ ಎಂಬ ಕುರಿತು ರೋಮಿನ ಬಿಷಪ್ ಸ್ತೆಫಾನನೊಂದಿಗೆ ವಿವಾದ ಬಿಸಿಯೇರಿದ್ದ 256ರಲ್ಲಿ ಸಿಪ್ರಿಯನನು 'ದೆ ಬೋನೊ ಪಾತಿಯೆಂತಿಯೆ', ಅಂದರೆ 'ತಾಳ್ಮೆಯ ಒಳಿತು', ಎಂಬ ಕೃತಿಯನ್ನು ಬರೆದನು. ಪ್ರಭುವಿನ ರೊಟ್ಟಿಯನ್ನು ಹಿಡಿದ ಕೈ ಕತ್ತಿಯಿಂದ ರಕ್ತಸಿಕ್ತವಾಗಬಾರದೆಂದು ಅಲ್ಲಿ ಎಚ್ಚರಿಸುವ ಅವನು, ಸೇಡಿನ ತೀರ್ಪನ್ನು ಕ್ರಿಸ್ತನು ನ್ಯಾಯಾಧಿಪತಿಯಾಗಿ ಬರುವ ದಿನಕ್ಕೆ ಬಿಟ್ಟುಬಿಡಲು ಹೇಳುತ್ತಾನೆ. 258ರ ಸೆಪ್ಟೆಂಬರ್ 14ರಂದು ಅವನ ಶಿರಚ್ಛೇದವಾಯಿತು.

ಹಿಪ್ಪೊ ನಗರದ ಬಿಷಪ್ ಅಗಸ್ಟೀನನು 5ನೆಯ ಶತಮಾನದ ಎರಡನೆಯ ದಶಕದಲ್ಲಿ ಇದೇ ವಿಷಯವನ್ನು ಎತ್ತಿಕೊಳ್ಳುವ ವೇಳೆಗೆ ಹಿಂಸೆಯ ಕಾಲ ಕಳೆದಿತ್ತು. ದೇವರ ತಾಳ್ಮೆಯಲ್ಲಿ ನೋವಿನ ಅಂಶವೇ ಇಲ್ಲವೆಂದು ಆರಂಭದಲ್ಲಿಯೇ ವಿಂಗಡಿಸುವ ಅವನು, ಹಣಕ್ಕಾಗಿ, ಕಾಮಕ್ಕಾಗಿ, ಕಳ್ಳತನಕ್ಕಾಗಿಯೂ ಜನರು ಹಸಿವು, ಚಳಿ, ಗಾಯಗಳನ್ನು ಸಹಿಸುತ್ತಾರಾದ್ದರಿಂದ ಸಹನೆಯ ಪ್ರಮಾಣಕ್ಕಿಂತ ಅದರ ಉದ್ದೇಶವೇ ತಾಳ್ಮೆಯನ್ನು ನಿರ್ಣಯಿಸುತ್ತದೆಂದು ವಾದಿಸುತ್ತಾನೆ. ಏದೆನ್ ತೋಟದಲ್ಲಿದ್ದ ಆದಾಮನು ಸೋತ ಕಡೆ ತಿಪ್ಪೆಯ ಮೇಲೆ ಕುಳಿತ ಯೋಬನು ಗೆದ್ದನು. ನೋವು ತಾಳಲಾರದೆ ತಮ್ಮ ಪ್ರಾಣವನ್ನು ತಾವೇ ತೆಗೆದುಕೊಳ್ಳುವವರಿಗೆ ಇದೇ ಯೋಬನು ಅಗಸ್ಟೀನನ ಉತ್ತರ. ಮಾನವನ ಇಚ್ಛಾಶಕ್ತಿಯೊಂದೇ ತಾಳ್ಮೆಗೆ ಸಾಲದೆಂದೂ ಅದು ದೇವರ ಕೃಪೆಯಿಂದ ಬರುವ ವರವೆಂದೂ ಅವನು ಹೇಳುವಲ್ಲಿ ಮಾನವನ ಇಚ್ಛಾಶಕ್ತಿಯನ್ನು ಎತ್ತಿಹಿಡಿದ ಪೆಲಾಗಿಯಸನ ಅನುಯಾಯಿಗಳೊಂದಿಗಿನ ಆ ಕಾಲದ ವಾಗ್ವಾದದ ಛಾಯೆಯಿದೆ.

ಹೀಗೆ ತೆರ್ತುಲಿಯನನಲ್ಲಿ ದೇವರನ್ನು ಅನುಕರಿಸುವ ಶಿಸ್ತಾಗಿದ್ದ ತಾಳ್ಮೆಯು ಸಿಪ್ರಿಯನನಲ್ಲಿ ಸಮುದಾಯವನ್ನು ಒಡೆಯದಂತೆ ಹಿಡಿದಿಡುವ ಕಟ್ಟುಪಾಡಾಗಿ, ಅಗಸ್ಟೀನನಲ್ಲಿ ದೇವರೇ ಕೊಡುವ ವರವಾಗಿ ಬದಲಾಯಿತು. ಮೂವರಲ್ಲಿಯೂ ಬದಲಾಗದೆ ಉಳಿದುದು, ಮನುಷ್ಯನು ದೇವರ ಕಾಲಕ್ಕಾಗಿ ಕಾಯುವ ಮೊದಲೇ ದೇವರು ಮನುಷ್ಯನನ್ನು ಸಹಿಸಿಕೊಂಡಿದ್ದಾನೆಂಬ ಗ್ರಹಿಕೆ. ನಿರೀಕ್ಷಿಸು, ಕಾಪಾಡು ಎಂಬ ಎರಡು ಅರ್ಥಗಳನ್ನೂ 'ಕಾಯು' ಎಂಬ ಒಂದೇ ಧಾತುವಿನಲ್ಲಿ ಇಟ್ಟುಕೊಂಡಿರುವ ಕನ್ನಡದ ಓದುಗನಿಗೆ, ಲ್ಯಾಟಿನ್ ಬರಹಗಾರರು ಹಲವು ಪುಟಗಳಲ್ಲಿ ವಿವರಿಸಿದ ಈ ಗ್ರಹಿಕೆಯು ಅಪರಿಚಿತವಾಗಿ ತೋರಲಾರದು.