ಬೀಮಾರಿಸ್ತಾನಗಳ ಪರಂಪರೆ ಮತ್ತು ದೀರ್ಘಕಾಲದ ಕಾಯಿಲೆಯ ನಮ್ಮ ಮಕ್ಕಳು

ಪ್ರವಾದಿ ಮುಹಮ್ಮದ್(ಸ)ರ ಸೇವೆಯಲ್ಲಿದ್ದ ಯಹೂದಿ ಬಾಲಕನೊಬ್ಬನು ಒಮ್ಮೆ ಕಾಯಿಲೆ ಬಿದ್ದನು. ಪ್ರವಾದಿ(ಸ)ಯವರು ಅವನಿದ್ದಲ್ಲಿಗೆ ಹೋಗಿ, ಅವನ ತಲೆಯ ಬಳಿ ಕುಳಿತರೆಂದು ಸಹೀಹ್ ಬುಖಾರಿಯಲ್ಲಿ ವರದಿಯಾಗಿದೆ. ಅಸ್ವಸ್ಥ ಮಗುವಿನ ಬಳಿಗೆ ನಾವೇ ಹೋಗಬೇಕೆಂಬ ಪಾಠವನ್ನು ಮುಸ್ಲಿಮ್ ಸಮಾಜವು ಕಲಿತದ್ದು ಈ ಮಾದರಿಯಿಂದ.

ಮುಂದಿನ ಶತಮಾನಗಳಲ್ಲಿ ಈ ಪಾಠವು ವ್ಯವಸ್ಥೆಯ ರೂಪ ಪಡೆಯಿತು. ಉಮವೀ ಖಲೀಫಾ ವಲೀದ್ ಬಿನ್ ಅಬ್ದುಲ್ ಮಲಿಕ್ ಕುಷ್ಠರೋಗಿಗಳಿಗೆ ವೇತನವನ್ನೂ, ಅಂಗವಿಕಲರಿಗೆ ಸಹಾಯಕರನ್ನೂ, ಅಂಧರಿಗೆ ಕೈಹಿಡಿದು ನಡೆಸುವವರನ್ನೂ ಗೊತ್ತುಪಡಿಸಿದರೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಹತ್ತನೇ ಶತಮಾನದ ವೇಳೆಗೆ ಅರ್‌ರಾಝಿಯವರು ಮಕ್ಕಳ ರೋಗಗಳ ಕುರಿತೇ ಪ್ರತ್ಯೇಕ ಕಿರುಗ್ರಂಥ ರಚಿಸಿದ್ದರು. ಕೈರವಾನ್‌ನ ಇಬ್ನುಲ್ ಜಝ್ಝಾರ್ ಮಕ್ಕಳ ಪಾಲನೆ ಮತ್ತು ಚಿಕಿತ್ಸೆಯ ಬಗ್ಗೆ ಬರೆದರು. ಮಗುವಿನ ನೋವನ್ನು ವಿದ್ವಾಂಸರು ಅಧ್ಯಯನಕ್ಕೆ ಯೋಗ್ಯ ವಿಷಯವೆಂದೇ ಪರಿಗಣಿಸಿದ್ದರು.

1154ರಲ್ಲಿ ಸುಲ್ತಾನ್ ನೂರುದ್ದೀನ್ ಝಂಗಿ ದಮಸ್ಕಸ್‌ನಲ್ಲಿ ಬೀಮಾರಿಸ್ತಾನವೊಂದನ್ನು, ಅಂದರೆ ಆಸ್ಪತ್ರೆಯನ್ನು ಸ್ಥಾಪಿಸಿದರು. ಮುಂದೆ ಮಮ್ಲೂಕ್ ಸೇನಾನಿ ಕಲಾವೂನ್ ಸಿರಿಯಾದಲ್ಲಿ ತೀವ್ರ ಹೊಟ್ಟೆನೋವಿಗೆ ತುತ್ತಾದಾಗ ಅಲ್ಲಿಂದಲೇ ಔಷಧ ಬಂದಿತ್ತು. ತನಗೆ ಅಧಿಕಾರ ದೊರೆತರೆ ಇಂಥದೇ ಆಸ್ಪತ್ರೆ ಕಟ್ಟಿಸುವೆನೆಂದು ಅವರು ಹರಕೆ ಹೊತ್ತರೆಂದು ಮಕ್ರೀಝಿ ಬರೆದಿದ್ದಾರೆ. ಸುಲ್ತಾನರಾದ ಬಳಿಕ, 1284ರ ಸುಮಾರಿಗೆ, ಕೈರೋದಲ್ಲಿ ಮನ್ಸೂರಿ ಬೀಮಾರಿಸ್ತಾನವು ತಲೆಯೆತ್ತಿತು. ಬಡವ-ಶ್ರೀಮಂತ, ಸ್ತ್ರೀ-ಪುರುಷ, ಊರಿನವ-ಪರದೇಶಿ ಎಂಬ ಭೇದವಿಲ್ಲದೆ ಸೇರಿಸಿಕೊಳ್ಳಬೇಕೆಂದು ಅದರ ವಕ್ಫ್ ಪತ್ರವು ವಿಧಿಸಿತು. ವಾಸಕ್ಕೆ ದಿನಗಳ ಮಿತಿಯಿರಲಿಲ್ಲ. ಮನೆಯಲ್ಲೇ ಮಲಗಿದ ಬಡ ರೋಗಿಗಳಿಗೂ ಔಷಧ, ಆಹಾರ ತಲುಪಬೇಕಿತ್ತು.

ಇದೆಲ್ಲ ಸಾಧ್ಯವಾದದ್ದು ವಕ್ಫ್‌ನಿಂದ. ಅಂಗಡಿ, ಜಮೀನುಗಳ ಆದಾಯವು ವರ್ಷ ವರ್ಷವೂ ಆಸ್ಪತ್ರೆಗೆ ಹರಿದುಬರುತ್ತಿತ್ತು. ಮೂಲಧನವು ಉಳಿದು ಅದರ ಫಲವು ಮಾತ್ರ ವೆಚ್ಚವಾಗುತ್ತಿತ್ತು.

ಈ ಅಂಶವು ನಮ್ಮನ್ನು ಚಿಂತನೆಗೆ ಹಚ್ಚಬೇಕು. ಥಲಸ್ಸೀಮಿಯಾ ತೀವ್ರವಾಗಿರುವ ಮಗುವಿಗೆ ಕೆಲವು ವಾರಗಳಿಗೊಮ್ಮೆ ರಕ್ತ ಬೇಕು. ಟೈಪ್ 1 ಮಧುಮೇಹದ ಮಗುವಿಗೆ ದಿನವೂ ಇನ್ಸುಲಿನ್ ಬೇಕು. ನಾವಾದರೋ ರಮಝಾನಿನಲ್ಲೊಮ್ಮೆ ಝಕಾತ್ ನೀಡಿ ನಿಶ್ಚಿಂತರಾಗುತ್ತೇವೆ. ಶವ್ವಾಲ್‌ನಲ್ಲಿ ಆ ತಾಯಿಯು ಔಷಧದಂಗಡಿಯ ಮುಂದೆ ಒಂಟಿಯಾಗಿ ನಿಂತಿರುತ್ತಾಳೆ. ಮೊಹಲ್ಲಾದ ಜಮಾಅತ್ ಒಂದು ಮಳಿಗೆಯ ಬಾಡಿಗೆಯನ್ನಾದರೂ ಇಂತಹ ಮಕ್ಕಳಿಗೆ ಮೀಸಲಿಟ್ಟರೆ, ನಮ್ಮ ಯುವಕರು ಸರದಿಯಂತೆ ರಕ್ತದಾನ ಮಾಡಿದರೆ, ಅದು ಸದಕಾ ಜಾರಿಯಾ ಆಗದೇ?

ಹಣಕ್ಕಿಂತ ಕಠಿಣವಾದ ಇನ್ನೊಂದು ಕೊರತೆಯೂ ನಮ್ಮಲ್ಲಿದೆ. ಮಗಳ ಮದುವೆಗೆ ಅಡ್ಡಿಯಾಗುವುದೆಂದು ಅವಳ ಕಾಯಿಲೆಯನ್ನು ಮುಚ್ಚಿಡುತ್ತೇವೆ. ಯಾವ ಪಾಪದ ಫಲವೋ ಎಂದು ಪಿಸುಗುಡುತ್ತೇವೆ. ಅಯ್ಯೂಬ್(ಅ)ರಂತಹ ಪ್ರವಾದಿಯೇ ದೀರ್ಘ ವ್ಯಾಧಿಯನ್ನು ಅನುಭವಿಸಿದ್ದರೆಂಬುದನ್ನು ಮರೆಯುತ್ತೇವೆ. ರೋಗಿಗೆ ಉಪವಾಸದಿಂದ ಕುರ್‌ಆನ್ ವಿನಾಯಿತಿ ನೀಡಿರುವಾಗ, ವೈದ್ಯರ ಸಲಹೆಯಂತೆ ಉಪವಾಸ ಬಿಟ್ಟ ಬಾಲಕನನ್ನು ಇತರರೆದುರು ಪ್ರಶ್ನಿಸಿ ನಾಚಿಸುತ್ತೇವೆ. ಅವನ ಪಾಲಿಗೆ ಸೂಜಿಯ ನೋವಿಗಿಂತ ಈ ಪ್ರಶ್ನೆಯ ನೋವೇ ದೊಡ್ಡದು.

ಬೀಮಾರಿಸ್ತಾನಗಳ ಹಿರಿಮೆಯನ್ನು ಸಭೆಗಳಲ್ಲಿ ಹೊಗಳುವ ನಾವು, ನಮ್ಮದೇ ಬೀದಿಯ ಅಸ್ವಸ್ಥ ಮಗುವಿನ ತಲೆಯ ಬಳಿ ಎಂದಾದರೂ ಕುಳಿತಿದ್ದೇವೆಯೇ? ಈ ವಾರವೇ ಅಂತಹ ಒಂದು ಮನೆಗೆ ಹೋಗೋಣ. ಅಲ್ಲಾಹನು ಆ ಮಕ್ಕಳಿಗೆ ಶಿಫಾ ನೀಡಲಿ, ಅವರ ಹೆತ್ತವರಿಗೆ ಸಹನೆಯನ್ನೂ ನಮಗೆ ಅವರ ಹೊರೆ ಹಂಚಿಕೊಳ್ಳುವ ತೌಫೀಕನ್ನೂ ಕರುಣಿಸಲಿ. ಆಮೀನ್.